ತೊಳೆದ ಹೊಗೆ

ಗೇರುಬೀಜದ ಫ್ಯಾಕ್ಟರಿಯಲ್ಲಿ ನಾಲ್ಕು ಗಂಟೆಯ ಸೈರನ್ ಆದ ಮೇಲೆ ಸೂಪರ್‌ವೈಸರ್ ಕ್ಲೆಟಸ್ ಎಂದಿನಂತೆ ಗೋಡೌನಿನ ಹಿಂದಿನ ಕಲ್ಲು ಹತ್ತಿ ನಿಂತು, ಜೇಬಿನಿಂದ ಕಾರ್ಡು ತೆಗೆದು, ಕೈಯನ್ನು ಉದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಚಿಮಣಿಯ ಬಾಯಿಂದ ಹೊರಡುವ ಹೊಗೆಯನ್ನು ಅದರ ಜೊತೆ ಹೋಲಿಸಿ ನೋಡಿದ. ಅಂಗೈಯಗಲದ ಕಾರ್ಡು, ಅದರಲ್ಲಿ ನಾಲ್ಕು ಚೌಕ. ಮೊದಲನೆಯದರಲ್ಲಿ ಕಪ್ಪು ಗೆರೆಗಳು ಸಪೂರವಾಗಿ ದೂರ ದೂರ ಇವೆ. ನಾಲ್ಕನೆಯದರಲ್ಲಿ ದಪ್ಪವಾಗಿ ಒತ್ತೊತ್ತಿಗೆ. ಹತ್ತಿರ ಹಿಡಿದರೆ ಬರೀ ಗೆರೆ, ಕೈ ಚಾಚಿ ಹಿಡಿದರೆ ಗೆರೆ ಮಾಯವಾಗಿ ಬೂದು ಬಣ್ಣ. ಯಾವ ಬೂದು ಹೊಗೆಗೆ ತಾಳೆಯಾಗುತ್ತದೋ ಆ ನಂಬರನ್ನು ಪುಸ್ತಕದಲ್ಲಿ ಬರೆಯಬೇಕು. ಒಂದು ಎಂದು ಬರೆದ. ಬೆಳಗಿನಿಂದ ಒಂದೇ, ನಿನ್ನೆಯೂ ಒಂದೇ, ಕಳೆದ ಮೇ ತಿಂಗಳಿಂದ ಈ ಮಾರ್ಚಿನವರೆಗೆ ಪುಟಪುಟದಲ್ಲೂ ಒಂದೇ. ಅದಕ್ಕೆ ಮೊದಲು ಕಾರ್ಡಿನಲ್ಲಿ ಹುಡುಕುವ ಕೆಲಸವೇ ಇರಲಿಲ್ಲ, ನಾಲ್ಕನೆಯ ಚೌಕವೂ ಸಾಲದಷ್ಟು ಕಪ್ಪು. ಬೀಜ ಸುಲಿಯುವ ಹೆಂಗಸರಲ್ಲಿ ಅಕ್ಕು ಎಂಬವಳಿಗೆ ಬಾಯಿ ಸ್ವಲ್ಪ ಉದ್ದ. ‘ನೋಡಿ, ಕ್ಲೆಟಸರು ಆಕಾಶಕ್ಕೆ ಟಿಕೆಟ್ ತೋರಿಸ್ತಾ ಇದ್ದಾರೆ’ ಎಂದು ಅವಳು ನಗಾಡಿದ್ದಳು. ಆಗ ಅವನಿಗೂ ನಗು ಬಂದಿತ್ತು. ಈಗ ಮೂರು ವಾರದಿಂದ ಅಕ್ಕು ಅವನ ಮುಂದೆ ನಗಾಡುವುದಿಲ್ಲ. ಅವನೂ ಬೆಳ್ಳಗಿನ ಆ ಹೊಗೆಯನ್ನು ನೋಡುವಾಗ ತಾನೇ ಹಾಕಿದ ಸುಳ್ಳು ಸಹಿಯನ್ನು ಯಾರೋ ಆಕಾಶದಲ್ಲಿ ಹಿಡಿದು ತೋರಿಸಿದ ಹಾಗೆ ಅನಿಸಿ ಬೇಗ ಬೇಗ ಬರೆದು ಕೆಳಗಿಳಿಯುತ್ತಾನೆ.

ಗೇರುಬೀಜದ ಹೊಗೆ ಎಂದರೆ ಅನುಭವಿಸಿದವರಿಗೇ ಗೊತ್ತು. ಕೆಂಪಗೆ ಕಾದ ಡ್ರಮ್ಮಿನಲ್ಲಿ ಬೀಜ ಹೊರಳುತ್ತದೆ, ಸಿಪ್ಪೆಯೊಳಗಿನ ಎಣ್ಣೆ ಹೊತ್ತಿಕೊಳ್ಳುತ್ತದೆ, ಆ ಎಣ್ಣೆಯ ಹೊಗೆ ಗಂಟಲಿನಲ್ಲಿ ಮುಳ್ಳಿನಂತೆ ನಿಲ್ಲುತ್ತದೆ. ಉಪ್ಪಳದ ಹೈವೇಯಿಂದ ಎರಡು ಮೈಲಿ ಒಳಗಿದ್ದ ಈ ಗುಡ್ಡದ ಕೆಳಗಿನ ಮನೆಗಳಲ್ಲಿ ಬಿಳಿ ಬಟ್ಟೆ ಒಣಗಿಸುವುದನ್ನೇ ಜನ ಬಿಟ್ಟಿದ್ದರು. ಆಗ ಒಂದು ದಿನ ಸತ್ಯವತಿ ಟೀಚರು ಛತ್ರಿ ಹಿಡಿದು ಫ್ಯಾಕ್ಟರಿಯ ಗೇಟಿಗೆ ಬಂದು, ‘ಇಲ್ಲಿ ಇಂಗ್ಲಿಷ್ ಬರೆಯುವವರು ಯಾರಾದರೂ ಉಂಟಾ?’ ಎಂದು ಕೇಳಿದ್ದರು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಒಂಟಿ ಹೆಂಗಸು. ಗಡಿಯ ಊರಾದ್ದರಿಂದ ಸರ್ಕಾರಿ ಆಫೀಸಿನಿಂದ ಬರುವ ಕಾಗದವೆಲ್ಲ ಮಲಯಾಳದಲ್ಲಿ, ಅವರು ಬರೆಯುವುದೆಲ್ಲ ಕನ್ನಡದಲ್ಲಿ. ಫ್ಯಾಕ್ಟರಿಯ ಹೊಗೆಯ ಮೇಲೆ ದೂರು ಕೊಡಲಿಕ್ಕೆ ಫ್ಯಾಕ್ಟರಿಗೇ ಬಂದು ಬರೆಯುವವರನ್ನು ಹುಡುಕುವ ಈ ಹೆಂಗಸನ್ನು ಕಂಡು ಕ್ಲೆಟಸ್ ಬೆಪ್ಪಾಗಿದ್ದ. ಆದರೂ ಸಂಜೆ ಹೋಗಿ ಅವರ ಜಗಲಿಯಲ್ಲಿ ಕುಳಿತು ಬರೆದುಕೊಟ್ಟ. ತನ್ನ ಅನ್ನದ ಫ್ಯಾಕ್ಟರಿಯ ಮೇಲೆ ತಾನೇ ಬರೆದ ಆ ಅರ್ಜಿಯ ವಿಷಯ ಫ್ಯಾಕ್ಟರಿಯ ಯಜಮಾನ, ಮೊದಲಾಳಿ ಉದಯಶಂಕರರಿಗೆ ಇವತ್ತಿಗೂ ಗೊತ್ತಿಲ್ಲ. ಮಾಲಿನ್ಯ ಬೋರ್ಡಿನಿಂದ ಜನ ಬಂದರು, ನೋಟೀಸು ಬಂತು, ಕೊನೆಗೆ ಹೊಗೆ ತೊಳೆಯುವ ಯಂತ್ರವೂ ಬಂತು. ಚಿಮಣಿಯ ಬುಡದಲ್ಲಿ ಒಂದು ಕಬ್ಬಿಣದ ಕೋಣೆ. ಅದರೊಳಗೆ ಮೇಲಿನಿಂದ ನೀರು ಜಡಿಮಳೆಯಂತೆ ಬೀಳುತ್ತದೆ. ಹೊಗೆ ಆ ಮಳೆಯೊಳಗಿಂದ ನೆನೆದುಕೊಂಡು ಹೋಗುವಾಗ ಎಣ್ಣೆ, ಮಸಿ ಎಲ್ಲ ನೀರಿಗೆ ಬಿಟ್ಟು ಮೇಲೆ ಬೆಳ್ಳಗೆ ಹೊರಡುತ್ತದೆ. ಮೊದಲ ದಿನ ಪಂಪು ಹಾಕಿದಾಗ ಹೆಂಗಸರೆಲ್ಲ ಅಂಗಳಕ್ಕೆ ಬಂದು ತಲೆಯೆತ್ತಿ ನಿಂತಿದ್ದರು. ಜನ್ಮದಲ್ಲಿ ಒಮ್ಮೆ ತಾನು ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಕ್ಲೆಟಸ್‌ಗೆ ಆ ದಿನ ಅನಿಸಿತ್ತು.

ನೀರಿಗೆ ಬಿಟ್ಟ ಮಸಿ ಎಲ್ಲಿಗೆ ಹೋಗಬೇಕು? ಗುಂಡಿಗೆ. ಯಂತ್ರ ತಂದ ಕಂಪೆನಿಯವನು ನಕ್ಷೆಯಲ್ಲಿ ಗುಂಡಿಯ ಸುತ್ತ ಎರಡು ಗೆರೆ ಎಳೆದು ಒಳಗೆಲ್ಲ ಸಿಮೆಂಟು ಎಂದು ಬರೆದಿದ್ದ. ಗುಡ್ಡದ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಗುಂಡಿ ತೋಡಿಯಾದ ಮೇಲೆ ಉದಯಶಂಕರರು ಅಂಚಿನಲ್ಲಿ ನಿಂತು ಕೇಳಿದ್ದರು: ‘ಇದಕ್ಕೆ ಸಿಮೆಂಟ್ ಬೇಕೇ ಬೇಕಾ ಕ್ಲೆಟಸರೇ? ಬೇಕಾದರೆ ಮಾಡಿಸುವ, ಎಂತ ಹೇಳ್ತೀರಿ?’ ಎಷ್ಟು ರಾತ್ರಿ ಯೋಚಿಸಿ ನೋಡಿದರೂ ತಪ್ಪನ್ನು ಮೊದಲಾಳಿಯ ತಲೆಗೆ ಕಟ್ಟಲಿಕ್ಕೆ ಆಗುವುದಿಲ್ಲ, ಅವರು ಕೇಳಿದ್ದರು. ‘ಗಟ್ಟಿ ಮುರಕಲ್ಲು ಮಾರ್ರೆ. ನಮ್ಮ ಕಡೆ ಬಾವಿಗೆ ಯಾರು ಸಿಮೆಂಟ್ ಹಾಕಿದ್ದಾರೆ? ನೂರು ವರ್ಷ ಆದರೂ ಒಂದು ಹಳಕು ಬೀಳುವುದಿಲ್ಲ’ ಎಂದು ಹೇಳಿದ್ದು ಅವನೇ. ಮೇ ತಿಂಗಳ ನಡು, ಮಳೆ ಇನ್ನೇನು ಬರುವುದರಲ್ಲಿತ್ತು. ಸಿಮೆಂಟು ಹಾಕಿ ಅದು ಒಣಗಲು ಕುಳಿತರೆ ಯಂತ್ರ ಶುರುವಾಗುವಾಗ ದೀಪಾವಳಿ. ಬೋರ್ಡಿಗೆ ಕೊಡುವ ಕಾಗದದಲ್ಲಿ ಗುಂಡಿಯ ಒಳಮೈಗೆ ಸಿಮೆಂಟು ಆಗಿದೆಯೇ ಎಂಬಲ್ಲಿ ಆಗಿದೆ ಎಂದು ಬರೆದು, ಕೆಳಗೆ ಸಹಿ ಹಾಕಿ, ಸೂಪರ್‌ವೈಸರ್ ಎಂದು ಸೀಲು ಒತ್ತಿದ. ಸೀಲಿನ ಮಸಿ ಹೆಚ್ಚಾಗಿ ಹೆಬ್ಬೆರಳಿಗೆ ಹತ್ತಿತ್ತು. ಅದು ಮಾತ್ರ ಎಂತಕ್ಕೋ ನೆನಪಿನಲ್ಲಿ ಉಳಿದಿದೆ.

ಅವಸರವಿದ್ದದ್ದು ಯಂತ್ರಕ್ಕಲ್ಲ, ಅವನಿಗೆ. ಹೆಂಡತಿ ರೋಸ್ಮೇರಿ ಮಂಗಳೂರಿನಲ್ಲಿ ಮಗಳು ವಿಲ್ಮಾಳ ಮನೆಗೆ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಈ ಹೊಗೆಯಲ್ಲಿ ನನಗೆ ಉಸಿರು ಎಳೆಯಲಿಕ್ಕಾಗುವುದಿಲ್ಲ, ಹೊಗೆ ನಿಂತ ದಿನ ಬರ್ತೇನೆ ಎಂದು ಹೇಳಿ ಬಸ್ಸು ಹತ್ತಿದ್ದಳು. ಹೊಗೆ ನಿಂತ ದಿನವೇ ಅವನು ಕಾಗದ ಬರೆದ. ಈಗ ನಂಬರ್ ಒಂದು, ಮಳೆ ಜೋರಾಗುವ ಮೊದಲು ಬಾ, ಅಡುಗೆಮನೆಗೆ ಸುಣ್ಣ ಹೊಡೆಸಿದ್ದೇನೆ ಎಂದು. ಹದಿನೈದು ದಿನ ಬಿಟ್ಟು ಉತ್ತರ ಬಂತು. ಮೊಮ್ಮಗುವಿಗೆ ಹಲ್ಲು ಬಂದದ್ದು, ಇಗರ್ಜಿಗೆ ಹೊಸ ಪಾದ್ರಿ ಬಂದದ್ದು, ಸೀಮೆಎಣ್ಣೆಗೆ ಕ್ಯೂ ನಿಲ್ಲಬೇಕಾದದ್ದು, ಎಲ್ಲ ಇತ್ತು. ಹೊಗೆಯ ಸುದ್ದಿಯೇ ಇರಲಿಲ್ಲ. ಎರಡು ಸಲ ಓದಿದ ಮೇಲೆ ಅವನಿಗೆ ಅರ್ಥವಾಯಿತು. ಅವಳು ಹೋದದ್ದು ಹೊಗೆಯಿಂದ ಅಲ್ಲ. ಹೊಗೆ ಇದ್ದಷ್ಟು ಕಾಲ ಇಬ್ಬರಿಗೂ ಹೇಳಿಕೊಳ್ಳಲು ಒಂದು ಕಾರಣವಾದರೂ ಇತ್ತು. ಅದನ್ನೂ ಅವನೇ ತೊಳೆದು ಹಾಕಿದ್ದ. ಸುಣ್ಣ ಹೊಡೆದ ಅಡುಗೆಮನೆಯಲ್ಲಿ ಒಬ್ಬನೇ ಗಂಜಿ ಬೇಯಿಸುವುದು ಹೇಗಿರುತ್ತದೆ ಎಂದು ಅವನನ್ನು ಕೇಳಬೇಕು.

ಐದು ಗಂಟೆಗೆ ಕೈಕಾಲು ತೊಳೆದು ಗುಡ್ಡದ ಕಾಲುದಾರಿಯಲ್ಲಿ ಇಳಿದ. ಎಲ್ಲಿಗೆ ಎಂದು ಕೇಳುವ ಅಗತ್ಯವಿಲ್ಲ. ಎರಡು ವರ್ಷದಿಂದ ಭಾನುವಾರ ಬಿಟ್ಟು ದಿನವೂ ಅವನು ಇಳಿಯುವುದು ಟೀಚರ ಮನೆಗೆ. ಅರ್ಜಿ ಬರೆಯಲು ಹೋದವನು ಅರ್ಜಿ ಮುಗಿದ ಮೇಲೂ ಹೋಗುತ್ತಿದ್ದ. ಅವರು ಬೆಲ್ಲದ ತುಂಡಿನ ತಟ್ಟೆಯನ್ನೂ ನೀರಿನ ಚೊಂಬನ್ನೂ ತಂದು ಜಗಲಿಯಲ್ಲಿ ಅವನ ಪಕ್ಕಕ್ಕೇ ಇಡುತ್ತಿದ್ದರು. ‘ತೆಗೊಳ್ಳಿ, ಎತ್ತಿ ಕುಡಿಯಿರಿ’ ಎನ್ನುತ್ತಿದ್ದರು. ಪೇಪರಿನಲ್ಲಿ ಬಂದ ಸುದ್ದಿ, ಯಾವುದೋ ಹಳೆಯ ವಿದ್ಯಾರ್ಥಿಯ ಮದುವೆ, ಎಡನೀರಿನ ಮಠದಲ್ಲಿ ನಡೆದ ತಾಳಮದ್ದಳೆ, ಮಾತು ಹೀಗೇ ಏನಾದರೂ. ಅರ್ಧ ಗಂಟೆ. ಹೊರಡುವಾಗ ‘ನಾಳೆ ಬನ್ನಿ’ ಎನ್ನುತ್ತಿದ್ದರು. ಇಡೀ ಭೂಮಿಯ ಮೇಲೆ ತನಗೆ ನಾಳೆ ಬಾ ಎಂದು ಹೇಳುವವರು ಇವರೊಬ್ಬರೇ ಎಂದು ಗೊತ್ತಾದ ದಿನ ಅವನಿಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಇರುವುದು ಒಂದೇ ಆದರೆ ಕಳಕೊಳ್ಳಲಿಕ್ಕೂ ಒಂದೇ ಸಾಕಲ್ಲ.

ಮೂರು ವಾರದ ಹಿಂದೆ ಟೀಚರು ಬೆಲ್ಲದ ಜೊತೆ ಚೊಂಬು ಇಡದೆ ಒಂದು ಗೋಲಿ ಸೋಡ ತಂದಿಟ್ಟಿದ್ದರು. ‘ಸೆಕೆ ಅಲ್ವಾ’ ಎಂದಷ್ಟೇ ಹೇಳಿದರು. ಅವನು ಮರ್ಯಾದೆ ಹೆಚ್ಚಾಯಿತು ಎಂದು ತಮಾಷೆ ಮಾಡಿ ಕುಡಿದ. ಮರುದಿನವೂ ಸೋಡ. ಮೂರನೆಯ ದಿನವೂ ಸೋಡ ಬಂದಾಗ ಬಾಟ್ಲಿಯ ಕುತ್ತಿಗೆಯಲ್ಲಿ ಗೋಲಿ ಕಿಣಿ ಎಂದ ಸದ್ದಿಗೇ ಅವನು ಹಿತ್ತಿಲಿನ ಕಡೆ ತಿರುಗಿ ನೋಡಿದ. ಬಂದ ಅತಿಥಿಯ ಎದುರು ನಮ್ಮ ಬಾವಿ ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳುವ ಜಾತಿಯವರಲ್ಲ ಅವರು. ನಾಲ್ಕನೆಯ ದಿನ, ಟೀಚರ ಮನೆಗೆ ದಾರಿ ಒಡೆಯುವ ಕೆಳಗಿನ ತಿರುವಿನಲ್ಲಿ, ಮಸೀದಿಯ ಕಡೆಯಿಂದ ಅಕ್ಕು ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡಪಾನ ಹೊತ್ತು ಹತ್ತಿ ಬರುತ್ತಿದ್ದಳು. ‘ಪಳ್ಳಿಯ ಬಾವಿಯದ್ದು, ಟೀಚರಿಗೆ. ಅವರ ಬಾವಿಯ ನೀರು ಬಾಯಿಗೆ ಇಡಲಿಕ್ಕಾಗುವುದಿಲ್ಲ ಕ್ಲೆಟಸರೇ, ಬೀಜದ ಎಣ್ಣೆಯ ಹಾಗೆ ಗಂಟಲು ಹಿಡೀತದೆ’ ಎಂದಳು. ಬೀಜದ ಎಣ್ಣೆಯಲ್ಲಿ ಬೆರಳು ಕರಗಿಸಿಕೊಂಡವಳು, ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವತ್ತೂ ಅದೇ ತಿರುವಿನಲ್ಲಿ ಎದುರಾದಳು. ದಾರಿ ಬಿಟ್ಟು ನಿಂತಳು. ಕೊಡಪಾನದಿಂದ ತುಳುಕಿದ ನೀರು ಅವಳ ಕಿವಿಯ ಹತ್ತಿರ ಇಳಿಯುತ್ತಿತ್ತು. ತಾನೊಂದು ಕೊಡಪಾನ ಹೊರುತ್ತೇನೆ ಎನ್ನಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಟೀಚರ ಮನೆಯ ದಾರಿಗೆ ತಿರುಗಿದ್ದಳು.

ಮುರಕಲ್ಲು ಕುಸಿಯುವುದಿಲ್ಲ, ನಿಜ. ಆದರೆ ಬಾವಿಗೆ ನೀರು ಬರುವುದು ಎಲ್ಲಿಂದ? ಅದೇ ಮುರಕಲ್ಲಿನ ಸಾವಿರ ತೂತುಗಳಿಂದ. ನೀರು ಒಳಗೆ ಬರುವ ಕಲ್ಲಿನಲ್ಲಿ ನೀರು ಹೊರಗೂ ಹೋಗುತ್ತದೆ ಎಂದು ಮೂರನೇ ಕ್ಲಾಸಿನ ಮಗುವೂ ಹೇಳಬಹುದಿತ್ತು. ಐವತ್ತೆರಡು ವರ್ಷ ಈ ಕಲ್ಲಿನ ಮೇಲೆ ನಡೆದು, ಈ ಕಲ್ಲಿನ ಮನೆಯಲ್ಲಿ ಮಲಗಿ, ಈ ಕಲ್ಲಿನ ಬಾವಿಯ ನೀರು ಕುಡಿದ ಅವನಿಗೆ ಮಾತ್ರ ಆ ದಿನ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ. ಮಳೆಗಾಲವಿಡೀ ಬಾವಿ ತುಂಬಿದ್ದರಿಂದ ಏನೂ ಗೊತ್ತಾಗಿರಲಿಲ್ಲ. ಫೆಬ್ರವರಿಯಲ್ಲಿ ನೀರು ಕೆಳಗಿಳಿದ ಮೇಲೆ ಆಕಾಶದಿಂದ ತೊಳೆದದ್ದೆಲ್ಲ ಟೀಚರ ಬಾವಿಯ ತಳದಲ್ಲಿ ಬಂದು ಕೂತಿತ್ತು.

ಜಗಲಿಯಲ್ಲಿ ಬೆಲ್ಲದ ತಟ್ಟೆ, ಸೋಡ, ಅವೆರಡರ ಪಕ್ಕದಲ್ಲಿ ಈ ಸಲ ಒಂದು ಬಿಳಿ ಹಾಳೆ, ಪೆನ್ನು. ಹಾಳೆಯ ಕೆಳಗೆ ಟೀಚರ ದುಂಡು ಅಕ್ಷರದಲ್ಲಿ ಕನ್ನಡದ ಅರ್ಜಿ.

‘ಪುನಃ ನಿಮಗೇ ತೊಂದರೆ ಕೊಡ್ತಾ ಇದ್ದೇನೆ ಕ್ಲೆಟಸರೇ’ ಎಂದರು ಟೀಚರು. ‘ಹೊಗೆಯದ್ದು ಹೇಗೆ ಬರೆದುಕೊಟ್ಟಿರೋ ಹಾಗೆ ಇದನ್ನೂ ಇಂಗ್ಲಿಷಿಗೆ ಮಾಡಿ ಕೊಡಬೇಕು. ನೀರಿನ ವಿಷಯ.’

‘ನೀರಿನದ್ದಾ’ ಎಂದ.

‘ನಿಮಗೆ ಹೇಳಬಾರದು ಅಂತ ಇತ್ತು, ನೀವು ಅಷ್ಟು ಕಷ್ಟಪಟ್ಟು ಆ ಯಂತ್ರ ತರಿಸಿದವರು, ಬೇಸರ ಮಾಡಿಕೊಳ್ತೀರಿ ಅಂತ. ಆದರೆ ಅಕ್ಕು ಎಷ್ಟು ದಿನ ಹೊರುತ್ತಾಳೆ? ಪಂಚಾಯತಿನಲ್ಲಿ ಗುರ್ತದವರೊಬ್ಬರು ಫೈಲು ನೋಡಿಸಿದ್ರು. ಗುಂಡಿಗೆ ಸಿಮೆಂಟ್ ಆಗಿದೆ ಅಂತ ಅದರಲ್ಲಿ ಬರೆದು ಕೊಟ್ಟಿದ್ದಾರಂತೆ. ಸಿಮೆಂಟ್ ಉಂಟು ಅಂತ ಇರುವಾಗ ಬಾವಿ ಬೇರೆ ಎಂತದ್ದರಿಂದಲೋ ಕೆಟ್ಟಿರಬೇಕು ಅಂತ ಆಗ್ತದೆ. ಆ ಕಾಗದ ಸುಳ್ಳು ಅಂತ ಒಬ್ಬರು ಹೇಳದೆ ಇದು ಮುಂದೆ ಹೋಗಲಿಕ್ಕಿಲ್ಲ.’

‘ಯಾರು ಬರೆದದ್ದಂತೆ?’ ಎಂದು ಅವನ ಬಾಯಿ ಅವನನ್ನು ಕೇಳದೆಯೇ ಕೇಳಿತು.

‘ಹೆಸರು ನೋಡ್ಲಿಕ್ಕೆ ಬಿಡ್ಲಿಲ್ಲವಂತೆ. ಯಾರಾದರೆ ಎಂತ? ನೀವು ಒಳಗೆ ಇರುವವರು, ನಿಮ್ಮ ಹೆಸರು ಇದರಲ್ಲಿ ಎಲ್ಲಿಯೂ ಬರುವುದು ಬೇಡ. ಸಹಿ ನನ್ನದೇ.’

ಅವರ ಮುಖದಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಇವರಿಗೆ ಗೊತ್ತಿದ್ದರೆ ಎಷ್ಟು ಸುಲಭವಿತ್ತು, ಬೈದಿದ್ದರೆ, ಗೇಟಿನಿಂದಲೇ ಕಳಿಸಿದ್ದರೆ. ಅವನು ಹಾಳೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆಯತೊಡಗಿದ. ಇಂಗ್ಲಿಷು ಅವನಿಗೆ ಉಪ್ಪಳದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅಪ್ಪನಿಂದ ಬಂದದ್ದು, ಗಟ್ಟಿಯಾದ, ಸೆಟೆದು ನಿಂತ ಇಂಗ್ಲಿಷು. ನನ್ನ ಮನೆಯ ಬಾವಿ ಮೂವತ್ತೆರಡು ಅಡಿ ಆಳ. ಬರೆದ. ಫ್ಯಾಕ್ಟರಿಯ ಗುಂಡಿ ಬಾವಿಯಿಂದ ತೊಂಬತ್ತು ಹೆಜ್ಜೆ ಮೇಲೆ. ಬರೆದ, ತೊಂಬತ್ತು ಹೆಜ್ಜೆ ಎಂದು ಎಣಿಸಿದ್ದಾರಲ್ಲ, ಬಿಸಿಲಿನಲ್ಲಿ ಛತ್ರಿ ಹಿಡಿದು ಒಬ್ಬರೇ ಹತ್ತಿ ಎಣಿಸಿದ್ದಾರೆ. ನೀರಿನ ಮೇಲೆ ಎಣ್ಣೆಯ ಪದರ ಇದೆ. ಬರೆದ. ಮುಂದಿನ ವಾಕ್ಯದ ಹತ್ತಿರ ಪೆನ್ನು ನಿಂತಿತು. ಗುಂಡಿಗೆ ಸಿಮೆಂಟು ಆಗಿದೆ ಎಂದು ಯಾರೋ ಒಬ್ಬರು ಬರೆದು ಕೊಟ್ಟಿದ್ದಾರೆ. ಬರೆದವರು ಒಮ್ಮೆ ಬಂದು ಈ ನೀರು ಕುಡಿದು ನೋಡಲಿ.

ಕುಡಿದು ಎಂಬಲ್ಲಿ ಅವನಿಗೆ ಹಳೆಯ ಒಂದು ಅಂಗಳ ನೆನಪಾಯಿತು. ಆಗ ಅವನಿಗೆ ಎಂಟೋ ಒಂಬತ್ತೋ ವರ್ಷ. ನೆಕ್ರಾಜೆಯ ಧಣಿಗಳ ಮನೆಗೆ ಅಮ್ಮ ವೆರೊನಿಕಾ ಅವನ ಕೈ ಹಿಡಿದುಕೊಂಡು ಗೇಣಿಯ ಮಾತಾಡಲು ಹೋಗಿದ್ದಳು. ಅಂಗಳದ ಬಿಸಿಲಿನಲ್ಲಿ ನಿಂತು ನಿಂತು ನಾಲಗೆ ಒಣಗಿ ‘ನೀರು’ ಎಂದಿದ್ದ. ಮನೆಯ ಹೆಂಗಸು ಚೊಂಬು ಹಿಡಿದು ಬಂದು ಮೆಟ್ಟಿಲಿನ ಮೇಲೇ ನಿಂತಳು. ಬೊಗಸೆ ಒಡ್ಡು ಎಂದು ಅಮ್ಮ ಅವನನ್ನು ಕೂರಿಸಿದಳು. ಮೇಲಿನಿಂದ ನೀರು ಬಿತ್ತು. ಅರ್ಧ ಬೊಗಸೆಗೆ, ಅರ್ಧ ಮೊಣಕೈಯಿಂದ ಇಳಿದು ಚಡ್ಡಿಗೆ. ‘ಸಾಕಾ?’ ಎಂದು ಮೆಟ್ಟಿಲಿನ ಮೇಲಿನಿಂದ ಆ ಹೆಂಗಸು ಕೇಳಿದಳು. ಸಾಕಾಗಿರಲಿಲ್ಲ. ಅಮ್ಮ ಹಿಂದಿನಿಂದ ಅವನ ಬೆನ್ನು ಚಿವುಟಿ, ‘ಸಾಕು ಅಮ್ಮ, ಸಾಕು’ ಎಂದಿದ್ದಳು. ಆ ಬಾಯಾರಿಕೆ ಅವನ ಜೊತೆಯಲ್ಲೇ ದೊಡ್ಡದಾಯಿತು. ಎರಡು ವರ್ಷದ ಹಿಂದೆ ಟೀಚರು ಚೊಂಬನ್ನು ಪಕ್ಕದಲ್ಲಿಟ್ಟು ಎತ್ತಿ ಕುಡಿಯಿರಿ ಎಂದಾಗ ಅವನು ತಳ ಕಾಣುವವರೆಗೆ ಕುಡಿದದ್ದನ್ನು ಅವರು ಗಮನಿಸಿರಲಿಕ್ಕಿಲ್ಲ. ಹಾಗೆಂದು ಜಗಲಿ ದಾಟಿ ಅವನು ಒಳಗೆ ಹೋದವನೂ ಅಲ್ಲ. ಹಿತ್ತಿಲಿನ ಬಾವಿಯ ರಾಟೆ ಕಿರುಗುಟ್ಟುವುದು ಕೇಳಿಸುತ್ತಿತ್ತು, ಬಾವಿಯನ್ನು ಕಂಡವನಲ್ಲ. ಅವರು ಕರೆದಿರಲಿಲ್ಲ, ಅವನೂ ಬಯಸಿರಲಿಲ್ಲ. ಅಷ್ಟು ಸಿಕ್ಕಿದ್ದೇ ಬಹಳವಾಗಿತ್ತು.

ಈಗ ಯಾರೋ ಒಬ್ಬರು ಎಂದೇ ಇಂಗ್ಲಿಷಿನಲ್ಲಿ ಬರೆದು ಮುಗಿಸಿದರೆ ನಾಳೆಯೂ ಬೆಲ್ಲ, ನಾಳೆಯೂ ಈ ಜಗಲಿ. ಅರ್ಜಿ ಹೋಗುತ್ತದೆ, ಫೈಲಿನಲ್ಲಿ ಸಿಮೆಂಟು ಇದೆ ಎಂಬ ಉತ್ತರ ಬರುತ್ತದೆ, ಅಕ್ಕು ಹೊರುತ್ತಾಳೆ. ಮತ್ತೊಂದು ಅರ್ಜಿಗೆ ಅವನನ್ನೇ ಕರೆಯುತ್ತಾರೆ. ಹೀಗೆ ವರ್ಷಗಟ್ಟಲೆ ಬರಬಹುದು. ಈ ಲೆಕ್ಕ ಮನಸ್ಸಿನಲ್ಲಿ ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಯಾರೋ ಎಂಬುದರ ಜಾಗದಲ್ಲಿ ಅವನು ಕ್ಲೆಟಸ್ ಡಿಸೋಜ, ಸೂಪರ್‌ವೈಸರ್ ಎಂದು ಬರೆದ. ಸಿಮೆಂಟು ಹಾಕಿಲ್ಲ, ನಾನು ಬರೆದದ್ದು ಸುಳ್ಳು ಎಂದು ಇನ್ನೊಂದು ಸಾಲು ಸೇರಿಸಿ, ಕೆಳಗೆ ಟೀಚರ ಸಹಿಗೆ ಜಾಗ ಬಿಟ್ಟು, ಅದರ ಪಕ್ಕದಲ್ಲಿ ತನ್ನ ಸಹಿ ಹಾಕಿದ. ಹಾಳೆಯನ್ನು ಅವರ ಕಡೆ ಸರಿಸಿದ.

ಟೀಚರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳು ಎಳೆಯುತ್ತ, ಮಕ್ಕಳಿಗೆ ಓದಿಸುವವರಂತೆ ನಿಧಾನವಾಗಿ ಓದಿದರು. ಬೆರಳು ಒಂದು ಕಡೆ ನಿಂತಿತು. ಮುಂದೆ ಹೋಗಿ, ಪುನಃ ಹಿಂದೆ ಬಂದು, ಅಲ್ಲೇ ನಿಂತಿತು. ಗುಡ್ಡದ ಮೇಲೆ ಯಂತ್ರದ ಪಂಪು ಗುಂಯ್ ಎನ್ನುತ್ತಿತ್ತು.

‘ಇದು ನೀವಾ?’ ಎಂದರು.

‘ಹೌದು ಟೀಚರೇ.’

‘ಎಂತಕ್ಕೆ?’

ಮಳೆ, ರೋಸ್ಮೇರಿ, ಸುಣ್ಣ ಹೊಡೆದ ಅಡುಗೆಮನೆ, ಎಲ್ಲವನ್ನೂ ಬಿಟ್ಟು, ‘ಮುರಕಲ್ಲು ಅಲ್ವಾ, ಎಂತ ಆಗುವುದಿಲ್ಲ ಅಂತ ಗ್ರಹಿಸಿದೆ’ ಎಂದ.

‘ಬಾವಿಯೂ ಮುರಕಲ್ಲೇ’ ಎಂದರು ಟೀಚರು. ಸಿಟ್ಟಿನ ಸ್ವರವಲ್ಲ, ತಪ್ಪು ಲೆಕ್ಕ ತಿದ್ದುವಾಗಿನ ಸ್ವರ. ಆಮೇಲೆ ಅವರು ಮಾಡಿದ್ದನ್ನು ನೋಡಿ ಅವನಿಗೆ ಕಣ್ಣು ಎಲ್ಲಿಡಬೇಕೆಂದು ತಿಳಿಯಲಿಲ್ಲ: ಒಡೆಯದ ಸೋಡದ ಬಾಟ್ಲಿಯನ್ನೂ ಬೆಲ್ಲದ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋದರು. ಹೋಗಬೇಕೋ ಇರಬೇಕೋ ಎಂದು ಅವನು ಚಪ್ಪಲಿಯ ಹತ್ತಿರ ನಿಂತ. ಮನೆಯ ಬದಿಯ ಗೇಟಿನ ಚಿಲಕ ಸರಿದ ಸದ್ದಾಯಿತು.

‘ಬನ್ನಿ, ಬಾವಿ ಇಲ್ಲಿ ಉಂಟು’ ಎಂದರು.

ಎರಡು ವರ್ಷದಲ್ಲಿ ಮೊದಲ ಸಲ ಅವನು ಆ ಗೇಟು ದಾಟಿದ. ದಂಡೆಯಿಲ್ಲದ ಹಳೆಯ ಚೌಕ ಬಾವಿ, ನಾಲ್ಕು ಬದಿಯೂ ಕಡಿದ ಮುರಕಲ್ಲು, ಸಂದಿಯಲ್ಲಿ ಜರಿಗಿಡ. ರಾಟೆಯ ಹಗ್ಗ ಒಣಗಿ ಗಡುಸಾಗಿತ್ತು. ಮೂರು ವಾರದಿಂದ ಯಾರೂ ಮುಟ್ಟಿರಲಿಲ್ಲ. ಬಗ್ಗಿ ನೋಡಿದಾಗ ತಳದಲ್ಲಿ ಅವನ ತಲೆ, ತಲೆಯ ಸುತ್ತ ಹೊಳೆಯುವ ನವಿಲಿನ ಬಣ್ಣ. ಕೊಡಪಾನ ಇಳಿಸಿ ಸೇದಿದ. ಚೊಂಬು ಇರಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಕೊಡಪಾನವನ್ನು ಕಲ್ಲಿನ ಮೇಲಿಟ್ಟು ಏನು ಮಾಡುವುದೆಂದು ತೋಚದೆ, ಮೈಗೆ ನೆನಪಿದ್ದಂತೆ ಅವನು ಕುಕ್ಕರಗಾಲಿನಲ್ಲಿ ಕೂತು ಬೊಗಸೆ ಒಡ್ಡಿದ.

ಟೀಚರು ಬಂದು, ಎರಡೂ ಕೈಯಲ್ಲಿ ಕೊಡಪಾನ ಎತ್ತಿ, ಬಗ್ಗಿಸಿ ಹೊಯ್ದರು. ಅವನು ಕುಡಿದ. ತುಟಿ ಉರಿಯಿತು, ನಾಲಗೆಯ ಬುಡದಲ್ಲಿ ಫ್ಯಾಕ್ಟರಿಯ ಹಳೆಯ ಹೊಗೆ, ನಾಲ್ಕನೇ ನಂಬರಿನದ್ದು, ಹಾಗೆಯೇ ಇತ್ತು. ಕೆಮ್ಮಿ, ಕಣ್ಣಲ್ಲಿ ನೀರು ಬಂದು, ಪುನಃ ಬೊಗಸೆಗೆ ಬಾಯಿಟ್ಟ.

‘ಸಾಕಾ?’ ಎಂದು ಅವರು ಕೇಳಿದರು.

ಅವನು ಬೊಗಸೆ ಒಡ್ಡಿಕೊಂಡೇ ಇದ್ದ.